ಸಂಜೆ ಏಳು ಗಂಟೆಯ ಸದ್ದು

ಗಿಟಾರಿನ ಅತಿ ದಪ್ಪ ತಂತಿ, ಅಂದರೆ ಆರನೆಯದು. ಅದರ ಮೂರನೆಯ ಫ್ರೆಟ್ ಒತ್ತಿ ಮೀಟಿದರೆ ಜಿ ಸ್ವರ ಬರುತ್ತದೆ, ಸೆಕೆಂಡಿಗೆ 98 ಕಂಪನ, ಅಂದರೆ 98 ಹರ್ಟ್ಸ್. ಅದು ನುಡಿಯುತ್ತಿರುವಾಗಲೇ ಆಂಪಿನ, ಅಂದರೆ ಗಿಟಾರಿನ ಸದ್ದು ದೊಡ್ಡದು ಮಾಡುವ ಆಂಪ್ಲಿಫೈಯರಿನ, ಗುಂಯ್ ಸದ್ದಿಗೆ ಕಿವಿ ಕೊಡಿ. ಎರಡೂ ಒಂದೇ ಸ್ವರ ಅನ್ನಿಸಿ, ಒಂದರೊಳಗೊಂದು ಸೇರಿ ಸೆಕೆಂಡಿಗೆ ಎರಡು ಸಲ ಅಲೆಯ ಹಾಗೆ ಏರಿಳಿದರೆ ಆ ಗುಂಯ್ 100 ಹರ್ಟ್ಸಿನದು. ಎಸಿಯನ್ನು ಡಿಸಿ ಮಾಡಿದ ಮೇಲೂ ಉಳಿದ ಏರಿಳಿತ ಅದು, ಅದನ್ನು ಸಮ ಮಾಡುವ ಫಿಲ್ಟರ್ ಕಂಡೆನ್ಸರ್ ನೋಡಬೇಕು. ಗುಂಯ್ ಒಂದು ಸಪ್ತಕ ಕೆಳಗಿದ್ದರೆ 50 ಹರ್ಟ್ಸ್, ಕರೆಂಟ್ ಲೈನಿನ ಸ್ವಂತ ಕಂಪನ. ಆಗ ಹೀಟರ್ ವೈರು, ಅರ್ಥಿಂಗು, ಇಲ್ಲವೇ ತಂತಿಯ ಕಂಪನ ಹಿಡಿಯುವ ಗಿಟಾರಿನ ಪಿಕಪ್ ನೋಡಬೇಕು. ಅಮೆರಿಕದಲ್ಲಿ ಲೈನು 60 ಹರ್ಟ್ಸ್, ಹಾಗಾಗಿ ಅಲ್ಲಿಯ ಆಂಪುಗಳ ಗುಂಯ್ ಬೇರೆ ಸ್ವರದಲ್ಲಿರುತ್ತದೆ. ನಮ್ಮ ಲೈನು ಹಾಡುವುದು ಜಿ ಸ್ವರದಲ್ಲಿ. ಮೀಟರ್ ತೆಗೆಯುವ ಮೊದಲೇ ಅರ್ಧ ಕೆಲಸ ಹೀಗೆ ಕಿವಿಯಿಂದ ಮುಗಿಯುತ್ತದೆ.

ನಾನು ಕಲಬುರಗಿಯ ಒಂದು ದಾಲ್ ಮಿಲ್ಲಿನಲ್ಲಿ ಎಲೆಕ್ಟ್ರಿಷಿಯನ್. ಹಗಲೆಲ್ಲ ಮೋಟರು, ಸ್ಟಾರ್ಟರು, ಪ್ಯಾನೆಲ್ ಬೋರ್ಡು. ಹಿಂದೆ ಗಣೇಶ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ಗಿಟಾರ್ ಬಾರಿಸುತ್ತಿದ್ದೆ, ಈಗ ಮನೆಯಲ್ಲಷ್ಟೇ. ಅಮೆರಿಕದಲ್ಲಿರುವ ನಮ್ಮ ಕಾಕಾನ ಮಗ ಎರಡು ವರ್ಷದ ಹಿಂದೆ ಊರಿಗೆ ಬಂದಾಗ ಒಂದು ಸಣ್ಣ ವಾಲ್ವ್ ಆಂಪ್ ತಂದುಕೊಟ್ಟ. ಫೆಂಡರ್ ಕಂಪನಿಯ 1950ರ ದಶಕದ ಚಾಂಪ್ 5ಎಫ್1 ಅನ್ನುವ ನಕ್ಷೆಯನ್ನು ನೋಡಿ ಯಾರೋ ಕೈಯಾರೆ ಕಟ್ಟಿದ್ದು. ಐದು ವ್ಯಾಟು, ಎಂಟು ಇಂಚಿನ ಸ್ಪೀಕರು, ಇರುವುದು ಒಂದೇ ಗುಂಡಿ, ವಾಲ್ಯೂಮ್. ಬಾಸ್, ಟ್ರೆಬಲ್ ಏನೂ ಇಲ್ಲ.

ಒಳಗೆ ಮೂರೇ ವಾಲ್ವು. ವಾಲ್ವೆಂದರೆ ಹಳೆಯ ರೇಡಿಯೋಗಳಲ್ಲಿದ್ದ ಗಾಜಿನ ಬುರುಡೆ; ಒಳಗೆ ಹೀಟರು ಕಾಯಿಸಿದ ಕ್ಯಾಥೋಡಿನಿಂದ ಎಲೆಕ್ಟ್ರಾನುಗಳು ಪ್ಲೇಟಿಗೆ ಹಾರುತ್ತವೆ. 12ಎಎಕ್ಸ್7 ಅನ್ನುವ ಸಣ್ಣದರಲ್ಲಿ ಸಿಗ್ನಲ್ ದೊಡ್ಡದು ಮಾಡುವ ಎರಡು ಘಟಕ, ಅಂದರೆ ಟ್ರಯೋಡ್, ಇರುತ್ತವೆ. ತಂತಿಯ ಸಿಗ್ನಲ್ಲು ಮೊದಲನೆಯದರಲ್ಲಿ ದೊಡ್ಡದಾಗಿ, ವಾಲ್ಯೂಮ್ ಗುಂಡಿ ದಾಟಿ, ಎರಡನೆಯದರಲ್ಲಿ ಮತ್ತೆ ದೊಡ್ಡದಾಗುತ್ತದೆ. ಅಲ್ಲಿಂದ 6ವಿ6 ಅನ್ನುವ ಪವರ್ ವಾಲ್ವಿಗೆ, ಅಲ್ಲಿಂದ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿಗೆ, ಅಲ್ಲಿಂದ ಸ್ಪೀಕರಿಗೆ. ಮೂರನೆಯದು 5ವೈ3, ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್. ಇಷ್ಟೇ ಸಾಮಾನು. ದೊಡ್ಡ ಆಂಪುಗಳಲ್ಲಿ ಎರಡು ಪವರ್ ವಾಲ್ವು ಎದುರುಬದುರು ಕೆಲಸ ಮಾಡಿ ಲೈನಿನ ಗುಂಯ್ ಅನ್ನು ತಾವೇ ಬಹುಮಟ್ಟಿಗೆ ಕಳೆದುಕೊಳ್ಳುತ್ತವೆ. ಇಲ್ಲಿ ಒಂದೇ ವಾಲ್ವು, ಡಿಸಿಯಲ್ಲಿ ಉಳಿದ ಏರಿಳಿತವೆಲ್ಲ ಸ್ಪೀಕರಿಗೆ ಬರುತ್ತದೆ. ಒಂದೊಂದು ಬಿಡಿಭಾಗವೂ ತನ್ನ ದನಿಯಲ್ಲಿ ಮಾತಾಡುತ್ತದೆ. ನನಗೆ ಈ ಡಬ್ಬಿಯ ಮೇಲೆ ಪ್ರೀತಿ ಹುಟ್ಟಿದ್ದೇ ಅದಕ್ಕೆ.

ಅದು 120 ವೋಲ್ಟಿನ ಆಂಪು. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಟ್ಟು ಶುರು ಮಾಡಿದೆ. ಮೊದಲ ತಿಂಗಳು ಬರೀ ಸಂತೋಷ. ಆಮೇಲೊಂದು ದಿನ ಅವ್ವ ಜೋಳ ಹಸನು ಮಾಡುತ್ತ ಕೂತವಳು ಹೇಳಿದಳು: "ಹೊತ್ತ ಮುಣುಗಿದ ಮ್ಯಾಲ ಬಾರಿಸ್ತೀಯಲ್ಲ, ಅದು ಚೊಲೋ ಕೇಳ್ತದ. ರಾತ್ರಿ ಎಲ್ಲಾರೂ ಮಲಗಿದ ಮ್ಯಾಲ ಬಾರ್ಸಿದ್ರ ಕಿವಿ ಕೊರದಂಗ ಆಗ್ತದ ನೋಡು."

ರಾತ್ರಿ ಊರು ನಿಶ್ಶಬ್ದವಾಗಿರುತ್ತದೆ, ಸದ್ದು ಜೋರಾಗಿ ಕೇಳುವುದು ಸಹಜ ಅಂದುಕೊಂಡೆ. ಆದರೆ ಅವ್ವನ ಮಾತು ತಲೆಯಲ್ಲಿ ಕೂತುಬಿಟ್ಟಿತು. ಒಂದು ವಾರ ಲಕ್ಷ್ಯಕೊಟ್ಟು ಕೇಳಿದೆ. ಆಕೆ ಹೇಳಿದ್ದು ನಿಜ. ಸಂಜೆ ಏಳಕ್ಕೆ ಗುಂಡಿಯನ್ನು ಅರ್ಧಕ್ಕಿಟ್ಟರೆ ತಂತಿಯ ಪೆಟ್ಟು ಮೆತ್ತಗೆ ಬಿದ್ದು, ಸ್ವರ ತುದಿಯಲ್ಲಿ ಒಡೆದು, ಹಾಡುವವರ ಗಂಟಲು ಕಟ್ಟಿದ ಹಾಗೆ ಒಂದು ಒರಟುತನ ಬರುತ್ತಿತ್ತು. ನಡುರಾತ್ರಿ ಅದೇ ಗುಂಡಿ, ಅದೇ ಗಿಟಾರು, ಸದ್ದು ಮಾತ್ರ ಬಿಗಿ, ಚೂಪು.

ನಮ್ಮ ಕಡೆ ಕೆಲಸ ಮಾಡುವವರಿಗೆ ಕಾರಣ ಗೊತ್ತಿರಬೇಕಿತ್ತು, ನನಗೆ ಹೊಳೆದದ್ದು ತಡವಾಗಿ. ತೊಗರಿ ಸುಗ್ಗಿ ಮುಗಿದ ದಿನಗಳು, ಗಂಜ್ ಮಾರುಕಟ್ಟೆಯಲ್ಲೂ ಕಪನೂರು ಕೈಗಾರಿಕಾ ಪ್ರದೇಶದಲ್ಲೂ ಮಿಲ್ಲುಗಳು ಓಡುತ್ತಿರುತ್ತವೆ, ಮನೆಮನೆಯಲ್ಲಿ ದೀಪ, ಪಂಪು. ಸಂಜೆ ವೋಲ್ಟೇಜ್ ಬೀಳುತ್ತದೆ, ರಾತ್ರಿ ಎಲ್ಲ ಬಂದಾದ ಮೇಲೆ ಏರುತ್ತದೆ. ಈ ಆಂಪಿನಲ್ಲಿ ವೋಲ್ಟೇಜನ್ನು ಒಂದೇ ಮಟ್ಟಕ್ಕೆ ಹಿಡಿದಿಡುವ ಭಾಗ ಯಾವುದೂ ಇಲ್ಲ. ಕಂಬದಲ್ಲಿ ಏನಾಗುತ್ತದೋ ಅದೇ ಪ್ರಮಾಣದಲ್ಲಿ ವಾಲ್ವಿನ ಪ್ಲೇಟಿನಲ್ಲಿ ಆಗುತ್ತದೆ.

ಒಂದು ನೋಟ್‌ಬುಕ್ ತೆಗೆದು ಬರೆದುಕೊಂಡೆ. ಲೈನು ಸರಿಯಾಗಿ 230 ಇದ್ದಾಗ 6ವಿ6ರ ಪ್ಲೇಟಿನಲ್ಲಿ 325 ವೋಲ್ಟ್, ಕ್ಯಾಥೋಡಿನಲ್ಲಿ 20. ಸಂಜೆ ಏಳಕ್ಕೆ ಲೈನು 196: ಪ್ಲೇಟ್ 278, ಕ್ಯಾಥೋಡ್ 17. ರಾತ್ರಿ ಒಂದಕ್ಕೆ ಲೈನು 249: ಪ್ಲೇಟ್ 352, ಕ್ಯಾಥೋಡ್ 22.

ಈ ಅಂಕಿಗಳಿಂದ ವಾಲ್ವು ಎಷ್ಟು ಬೇಯುತ್ತಿದೆ ಅಂತ ತಿಳಿಯುತ್ತದೆ. ಕ್ಯಾಥೋಡಿನ ಕೆಳಗಿರುವ ರೆಸಿಸ್ಟರ್ 470 ಓಮ್. 22 ವೋಲ್ಟನ್ನು 470ರಿಂದ ಭಾಗಿಸಿದರೆ ಸುಮಾರು 47 ಮಿಲಿಆಂಪ್. ಅದರಲ್ಲಿ ವಾಲ್ವಿನೊಳಗಿನ ಇನ್ನೊಂದು ಭಾಗವಾದ ಸ್ಕ್ರೀನ್ ಗ್ರಿಡ್ಡಿನ ಪಾಲು ಮೂರು ಅಂತ ಕಳೆದರೆ 44. ಪ್ಲೇಟಿಗೂ ಕ್ಯಾಥೋಡಿಗೂ ನಡುವೆ ಇರುವುದು 330 ವೋಲ್ಟ್. ಗುಣಿಸಿದರೆ ಹದಿನಾಲ್ಕೂವರೆ ವ್ಯಾಟ್. 6ವಿ6ಜಿಟಿಗೆ ಹಳೆಯ ಲೆಕ್ಕದಲ್ಲಿ ಹೇಳಿದ ಮಿತಿ 12 ವ್ಯಾಟ್, ಆಮೇಲಿನ ಲೆಕ್ಕದಲ್ಲಿ ಗರಿಷ್ಠ 14. ಅಂದರೆ ನಾನು ನಡುರಾತ್ರಿ ಬಾರಿಸಿದಷ್ಟು ಹೊತ್ತೂ ವಾಲ್ವು ಮಿತಿ ಮೀರಿ ಕಾಯುತ್ತಿತ್ತು. ಸಂಜೆಯದು ಎಂಟೂವರೆ ವ್ಯಾಟಿನ ಆಸುಪಾಸು, ಬಲು ಆರಾಮ. ಆದರೆ ಸಂಜೆ ಇನ್ನೊಂದು ತೊಂದರೆ. ಹೀಟರಿಗೆ 6.3 ವೋಲ್ಟ್ ಬೇಕು, ಹತ್ತು ಪ್ರತಿಶತ ಆಚೀಚೆ ನಡೆಯುತ್ತದೆ. ಸಂಜೆ ಅದಕ್ಕೆ ಸಿಗುತ್ತಿದ್ದದ್ದು 5.4. ಆ ವಾಲ್ವು ಅರೆಹೊಟ್ಟೆಯಲ್ಲಿ ದುಡಿಯುತ್ತಿತ್ತು.

ಆಗ ಮನಸ್ಸಿಗೆ ಬಂದದ್ದು ಇದು: ನನಗೆ ಬೇಕಾದದ್ದು ಸಂಜೆಯ ಸದ್ದು, ಸಂಜೆಯ ಹೀಟರ್ ಅಲ್ಲ. ಹೀಟರಿಗೆ ಸದಾ ತುಂಬು 6.3 ಕೊಟ್ಟು, ಪ್ಲೇಟಿಗೆ ಮಾತ್ರ ಸಂಜೆ ಏಳರ 278 ಕೊಟ್ಟರೆ?

ಇದಕ್ಕೆ ಹೊಸ ಪವರ್ ಟ್ರಾನ್ಸ್‌ಫಾರ್ಮರ್ ಬೇಕು. ಮಿಲ್ಲಿನ ಮೋಟರುಗಳನ್ನು ರಿವೈಂಡಿಂಗಿಗೆ ಒಯ್ಯುವ ಅಂಗಡಿಗೇ ಹೋದೆ. ಆ ಮಾಮಾ ಅಮೆರಿಕದ ಟ್ರಾನ್ಸ್‌ಫಾರ್ಮರನ್ನು ಕೈಯಲ್ಲಿ ಹಿಡಿದು ತೂಗಿ ನೋಡಿದ. "ಇದು ಕಾಯ್ತದೇನು?" ಅಂದ. ಕೈ ಇಡಲಾಗದಷ್ಟು ಕಾಯುತ್ತದೆ ಅಂದೆ. "ಕಾಯಲಾರದ ಏನ್ ಮಾಡ್ತದ? ಅರವತ್ತು ಸೈಕಲ್ಲಿಗೆ ಸುತ್ತಿದ್ ಮಾಲ್ ಇದು. ನಮ್ಮಲ್ಲಿ ಐವತ್ತು. ಇದ್ರಾಗ ಸುತ್ತು ಸಾಲಂಗಿಲ್ಲ, ಕೋರ್ ತುಂಬಿ ಹೋಗ್ತದ." ಅವನ ಮಾತು ಸರಿ. ಸ್ಟೆಪ್‌ಡೌನು ವೋಲ್ಟೇಜ್ ಇಳಿಸುತ್ತದೆ, ಸೈಕಲ್ ಬದಲಿಸುವುದಿಲ್ಲ. ಅದೇ ವೋಲ್ಟೇಜಿಗೆ 50ರಲ್ಲಿ ಕೋರಿನೊಳಗಿನ, ಅಂದರೆ ನಡುವಿನ ಕಬ್ಬಿಣದೊಳಗಿನ, ಕಾಂತಪ್ರವಾಹ 60ರಲ್ಲಿ ಇದ್ದುದಕ್ಕಿಂತ ಐದನೇ ಒಂದು ಭಾಗ ಹೆಚ್ಚಾಗುತ್ತದೆ. ಮೇ ತಿಂಗಳಲ್ಲಿ ಮನೆಯೊಳಗೇ ಬೆಂಕಿ ಇರುವ ನಮ್ಮೂರಿನಲ್ಲಿ ಆ ಪೆಟ್ಟಿಗೆ ಹಾಗೆ ಎಷ್ಟು ದಿನ ತಾಳೀತು?

ಹೊಸದಕ್ಕೆ ಲೈನಿನ ಬದಿಗೆ ಮೂರು ಟ್ಯಾಪ್, ಅಂದರೆ ಸುತ್ತಿನಿಂದ ಹೊರತೆಗೆದ ಮೂರು ತುದಿ, ಕೇಳಿದೆ: 200, 230, 250. ಇನ್ನೊಂದು ಬದಿಗೆ ರೆಕ್ಟಿಫೈಯರಿಗೆ 5 ವೋಲ್ಟ್ ಎರಡು ಆಂಪಿಯರ್, ಹೀಟರಿಗೆ 6.3 ವೋಲ್ಟ್, ಪ್ಲೇಟಿಗೆ 275-0-275. ಮೊದಲಿದ್ದದ್ದು 325-0-325. ಲೈನು ನೋಡಿಕೊಂಡು ಆಂಪ್ ಬಂದ್ ಇರುವಾಗ ರೋಟರಿ ಸ್ವಿಚ್ಚಿನಿಂದ ಟ್ಯಾಪ್ ಆರಿಸಿದರೆ ಒಳಗಿನ ಎಲ್ಲ ವೋಲ್ಟೇಜೂ ತನ್ನ ಜಾಗದಲ್ಲಿ ನಿಲ್ಲುತ್ತದೆ.

ಮೊದಲ ಸಲ ಚಾಲೂ ಮಾಡುವಾಗ ಸೀರೀಸ್ ಬೋರ್ಡಿನಲ್ಲಿ 60 ವ್ಯಾಟಿನ ಬಲ್ಬು ಹಾಕಿಕೊಂಡೆ. ಎಲ್ಲಿಯಾದರೂ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿಯುತ್ತದೆ, ಆಂಪು ಉಳಿಯುತ್ತದೆ. ಬಲ್ಬು ಒಮ್ಮೆ ಬೆಳಗಿ ಮಂದವಾಯಿತು. ವಾಲ್ವುಗಳ ಒಳಗೆ ಕಿತ್ತಳೆ ಬಣ್ಣ ಮೆಲ್ಲಗೆ ಮೂಡಿತು. ಬೋರ್ಡು ತೆಗೆದು ನೇರ ಲೈನಿಗೆ ಹಚ್ಚಿ ಅಳೆದರೆ ಪ್ಲೇಟ್ 276, ಹೀಟರ್ 6.3.

ಆ ರಾತ್ರಿ ಹನ್ನೆರಡೂವರೆಗೆ 250ರ ಟ್ಯಾಪಿಗೆ ತಿರುಗಿಸಿ ಬಾರಿಸಿದೆ. ಸಂಜೆಯ ಸದ್ದೇ. ಐದು ವ್ಯಾಟು ಈಗ ನಾಲ್ಕರ ಹತ್ತಿರ ಇಳಿದಿರಬಹುದು, ಕಿವಿಗೆ ಆ ವ್ಯತ್ಯಾಸ ಏನೇನೂ ಇಲ್ಲ. ಅವ್ವ ಒಳಗಿಂದ ಬಯ್ಯಲಿಲ್ಲ.

ಇಲ್ಲಿ ಚಾಚಾನ ವಿಷಯ ಹೇಳಲೇಬೇಕು. ಸೂಪರ್ ಮಾರ್ಕೆಟ್ ಕಡೆ ಹಿಂದೆ ವಾಲ್ವ್ ರೇಡಿಯೋ ರಿಪೇರಿ ಮಾಡುತ್ತಿದ್ದ ಮನುಷ್ಯ, ಈಗ ವಯಸ್ಸಾಗಿದೆ, ಕಣ್ಣು ಮಂದ. ಬೆಂಗಳೂರಿನ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಮಾಡಿದ ವಾಲ್ವುಗಳ ಖಾಲಿ ಡಬ್ಬಿಗಳು ಇನ್ನೂ ಅವರ ಮಾಡದಲ್ಲಿವೆ. ಮೂರು ಫೇಸಿನ ಪ್ಯಾನೆಲ್ ಬಿಚ್ಚಿ ಜೋಡಿಸುವ ನನಗೆ ವಾಲ್ವಿನ ಡಬ್ಬಿ ತೆರೆಯುವುದನ್ನು ಕಲಿಸಿದವರು ಅವರು. "ಬೇಟಾ, ಒಂದ್ ಕೈ ಕಿಸೇದಾಗ ಇಟ್ಕೋ. ಎರಡೂ ಕೈ ಹಚ್ಚಿದಿ ಅಂದ್ರ ಕರೆಂಟ್ ಎದಿ ಹಾದು ಹೋಗ್ತದ." ಪಿನ್ ಕಿತ್ತ ಮೇಲೂ ಫಿಲ್ಟರ್ ಕಂಡೆನ್ಸರುಗಳಲ್ಲಿ ಮುನ್ನೂರು ವೋಲ್ಟ್ ಹಾಗೇ ಕೂತಿರಬಹುದು. ಅದಕ್ಕೇ ಮೊದಲ ಕಂಡೆನ್ಸರಿಗೆ ಅಡ್ಡಲಾಗಿ 220 ಕಿಲೋಓಮ್, ಎರಡು ವ್ಯಾಟಿನ ರೆಸಿಸ್ಟರನ್ನು ಕಾಯಂ ಹಾಕಿದ್ದೇನೆ. ಬಂದ್ ಮಾಡಿದ ಒಂದು ನಿಮಿಷದೊಳಗೆ ಅದು ಎಲ್ಲವನ್ನೂ ಇಳಿಸಿಬಿಡುತ್ತದೆ. ಆದರೂ ಮೀಟರ್ ಹಚ್ಚಿ ಸೊನ್ನೆ ನೋಡದೆ ಕೈ ಹಾಕುವುದಿಲ್ಲ.

ಚಾಚಾ ಇನ್ನೊಂದು ಎಚ್ಚರಿಕೆ ಕೊಟ್ಟಿದ್ದಾರೆ, ಹಳೆಯ ರೇಡಿಯೋವನ್ನೇ ಗಿಟಾರ್ ಆಂಪ್ ಮಾಡಬೇಕು ಅಂತ ನನ್ನನ್ನು ಕೇಳುವ ಹುಡುಗರಿಗಾಗಿ ಬರೆಯುತ್ತೇನೆ. ಕೆಲವು ರೇಡಿಯೋಗಳಲ್ಲಿ ಪವರ್ ಟ್ರಾನ್ಸ್‌ಫಾರ್ಮರೇ ಇರುವುದಿಲ್ಲ. ವಾಲ್ವುಗಳ ಹೀಟರುಗಳನ್ನು ಸರಪಳಿಯ ಹಾಗೆ ಜೋಡಿಸಿ ನೇರ ಲೈನಿಗೆ ಕೊಟ್ಟಿರುತ್ತಾರೆ, ಚಾಸಿ, ಅಂದರೆ ಒಳಗಿನ ತಗಡಿನ ಚೌಕಟ್ಟು ಕೂಡ ಲೈನಿನ ಒಂದು ವೈರಿಗೇ ಸೇರಿರುತ್ತದೆ. ಪಿನ್ ತಿರುವಿ ಹಾಕಿದರೆ ಚಾಸಿಗೆ ಫೇಸ್ ಬರುತ್ತದೆ. ಗಿಟಾರಿನ ತಂತಿಗಳು ಜ್ಯಾಕಿನ ಮೂಲಕ ಸೇರುವುದು ಅದೇ ಚಾಸಿಗೆ. ಯುಎಲ್84, ಯುಸಿಎಲ್82 ಹೀಗೆ ಯು ಅಕ್ಷರದ ವಾಲ್ವುಗಳು ಕಂಡರೆ ಅಂಥದ್ದೇ ಇರಬಹುದು ಅಂತ ತಿಳಿಯಿರಿ. ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಆ ಸೆಟ್ಟಿಗೆ ಗಿಟಾರ್ ಚುಚ್ಚಬೇಡಿ.

ಇನ್ನು ಗುಂಯ್. ನನ್ನ ಆಂಪಿನಲ್ಲಿ ಎರಡೂ ಇತ್ತು. 100ರದ್ದು ಸುಲಭಕ್ಕೆ ಹೋಯಿತು: 16, 8, 8 ಮೈಕ್ರೋಫ್ಯಾರಡ್ ಇದ್ದ ಕಂಡೆನ್ಸರುಗಳಲ್ಲಿ ಹಿಂದಿನ ಎರಡನ್ನು 22 ಮಾಡಿದೆ. ಮೊದಲನೆಯದನ್ನು 16 ಹಾಗೇ ಬಿಟ್ಟೆ. ಅದನ್ನು ದೊಡ್ಡದು ಮಾಡಿದರೆ ಪ್ರತಿ ಸೈಕಲ್ಲಿನಲ್ಲೂ 5ವೈ3 ಮೇಲೆ ಕರೆಂಟಿನ ಪೆಟ್ಟು ಜೋರಾಗಿ ಬೀಳುತ್ತದೆ. ಸಾಮಾನು ತಂದದ್ದು ಹೈದರಾಬಾದಿನ ಕೋಠಿಯಿಂದ. ಹುಸೇನ್ ಸಾಗರ್ ಎಕ್ಸ್‌ಪ್ರೆಸ್ಸಿಗೆ ಹೋಗಿ ಹುಡುಕಿಕೊಂಡು ಬಂದೆ.

50ರದ್ದು ಹಟಮಾರಿ. ಹೀಟರ್ ವೈರುಗಳನ್ನು ಬಿಗಿಯಾಗಿ ಹೆಣೆದು ಚಾಸಿಯ ಮೂಲೆಗೆ ಒತ್ತಿದೆ. ಎರಡು 100 ಓಮ್ ರೆಸಿಸ್ಟರ್ ಹಾಕಿ ಹೀಟರ್ ಲೈನಿನ ನಡುಬಿಂದು ಮಾಡಿದೆ. ಆ ನಡುಬಿಂದುವನ್ನು ನೆಲಕ್ಕೆ ಸೇರಿಸದೆ 6ವಿ6ರ ಕ್ಯಾಥೋಡಿಗೆ ಸೇರಿಸು ಅಂದವರು ಚಾಚಾ. ಅಲ್ಲಿ 17 ವೋಲ್ಟ್ ಇರುತ್ತದಲ್ಲ, ಹೀಟರ್ ಪೂರಾ ಅಷ್ಟು ಮೇಲಕ್ಕೆ ಏರಿ ಕೂರುತ್ತದೆ. ಆಗ ಸಣ್ಣ ವಾಲ್ವಿನಲ್ಲಿ ಹೀಟರಿನಿಂದ ಎಲೆಕ್ಟ್ರಾನು ಕ್ಯಾಥೋಡಿಗೆ ಹಾರುವುದು ನಿಲ್ಲುತ್ತದೆ. ಎರಡು ಪುಟ್ಟ ರೆಸಿಸ್ಟರು, ಒಂದು ಗೇಣು ವೈರು. ಮುಕ್ಕಾಲು ಗುಂಯ್ ಹೋಯಿತು.

ಉಳಿದ ಕಾಲು ಭಾಗ ಡಬ್ಬಿಯ ಹೊರಗಿತ್ತು. ಏಪ್ರಿಲ್‌ನಲ್ಲಿ ತಂತಿ ಮುಟ್ಟಿದರೆ ಬೆರಳು ಜುಂ ಅನ್ನುತ್ತಿತ್ತು. ಮನೆಯ ಹಿತ್ತಲಿನ ಅರ್ಥಿಂಗ್ ಗುಂಡಿಯಲ್ಲಿ ಇದ್ದಿಲು, ಉಪ್ಪು ಎಲ್ಲ ಇದೆ, ಆದರೆ ಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ಫೇಸಿಗೂ ಅರ್ಥಿಗೂ ನಡುವೆ 100 ವ್ಯಾಟಿನ ಬಲ್ಬು ಹಚ್ಚಿದರೆ ಸಾಯುವ ದೀಪದ ಹಾಗೆ ಕೆಂಪಗೆ ಉರಿಯಿತು. ನಾಲ್ಕು ಕೊಡ ನೀರು ಸುರಿದು, ಮರುದಿನ ಮತ್ತೆರಡು ಸುರಿದು, ಕ್ಲಾಂಪಿನ ತುಕ್ಕು ಕೆರೆದು ಬೋಲ್ಟ್ ಬಿಗಿ ಮಾಡಿದ ಮೇಲೆ ಅದೇ ಬಲ್ಬು ಬೆಳ್ಳಗೆ ಉರಿಯಿತು, ತಂತಿಯ ಜುಂ ಹೋಯಿತು. ಗುಂಯ್ ಕಳೆಯಲೆಂದು ಅರ್ಥ್ ಪಿನ್ ಕಿತ್ತುಹಾಕುವವರನ್ನು ನೋಡಿದ್ದೇನೆ. ದಯವಿಟ್ಟು ಆ ಕೆಲಸ ಮಾತ್ರ ಮಾಡಬೇಡಿ. ಬೇಸಿಗೆಯಲ್ಲಿ ಗುಂಡಿಗೆ ನೀರು ಹಾಕಿ.

ಸದ್ದಿನ ಬದಲಾವಣೆಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್. ಇದ್ದದ್ದು ಬೆಂಕಿಪೊಟ್ಟಣದಂಥದ್ದು, ಕೆಳಗಿನ ಸ್ವರಗಳು ಅದರಲ್ಲಿ ನಿಲ್ಲುತ್ತಿರಲಿಲ್ಲ. ದೊಡ್ಡ ಕೋರಿನ ಮೇಲೆ 42 ಸುತ್ತಿಗೆ ಒಂದು ಸುತ್ತಿನ ಲೆಕ್ಕದಲ್ಲಿ ಒಂದನ್ನು ಸುತ್ತಿಸಿದೆ. ಆ ಲೆಕ್ಕದಲ್ಲಿ 4 ಓಮಿನ ಸ್ಪೀಕರು ವಾಲ್ವಿಗೆ ಏಳು ಸಾವಿರ ಓಮಿನ ಹಾಗೆ ಕಾಣುತ್ತದೆ. ಪರೀಕ್ಷೆಗೆ ಮೇಜಿನ ಮೇಲೆ ಒಂದು ಬದಿಗೆ 230 ಕೊಟ್ಟೆ, ಇನ್ನೊಂದು ಬದಿಗೆ ಐದೂವರೆ ಬಂತು, ಸುತ್ತು ಸರಿ. ಆಂಪಿಗೆ ಹಾಕಿದರೆ ಹಳೆಯದಕ್ಕಿಂತ ಬಡಕಲು ಸದ್ದು.

ಎರಡು ದಿನ ತಲೆ ಕೆರೆದುಕೊಂಡು ಮತ್ತೆ ಅಂಗಡಿಗೆ ಹೋದೆ. ಮಾಮಾ ಎಲ್ಲ ಪವರ್ ಟ್ರಾನ್ಸ್‌ಫಾರ್ಮರುಗಳಂತೆ ಇದರಲ್ಲೂ ಕೋರಿನ ಇ ಆಕಾರದ, ಐ ಆಕಾರದ ಕಬ್ಬಿಣದ ಪಟ್ಟಿಗಳನ್ನು ಒಂದರ ಮೇಲೊಂದು ಅದಲುಬದಲು ಪೇರಿಸಿದ್ದ. ಅವನ ತಪ್ಪಿಲ್ಲ, ನಾನು ಹೇಳಿರಲಿಲ್ಲ. ಒಂದೇ ವಾಲ್ವಿನ ಆಂಪಿನಲ್ಲಿ ಆ ಸುತ್ತಿನೊಳಗೆ ಸದಾ ಮೂವತ್ತು ನಾಲ್ವತ್ತು ಮಿಲಿಆಂಪ್ ಡಿಸಿ ಹರಿಯುತ್ತಿರುತ್ತದೆ. ಸಂದಿಲ್ಲದ ಕೋರು ಅದರಿಂದಲೇ ತುಂಬಿಹೋಗುತ್ತದೆ, ಸಿಗ್ನಲ್ಲಿಗೆ ಜಾಗವೇ ಉಳಿಯುವುದಿಲ್ಲ. ಇಗಳನ್ನೆಲ್ಲ ಒಂದು ಕಡೆ, ಐಗಳನ್ನೆಲ್ಲ ಇನ್ನೊಂದು ಕಡೆ ಇಟ್ಟು ನಡುವೆ ಕಾಗದದ ತೆಳು ಸಂದು ಬಿಡಬೇಕು. ಅಂಗಡಿಯಲ್ಲೇ ಕೂತು ಇಬ್ಬರೂ ಪಟ್ಟಿ ಬಿಚ್ಚಿ ಮತ್ತೆ ಪೇರಿಸಿದೆವು. ಸಂದಿಗೆ ಹಾಕಿದ್ದು ಮೋಟರಿನ ಸ್ಲಾಟಿಗೆ ಹಾಕುವ ಇನ್ಸುಲೇಷನ್ ಕಾಗದ.

ಮನೆಗೆ ತಂದು ಚಾಲೂ ಮಾಡಿದರೆ ಕಿವಿ ಹರಿಯುವ ಕೀಚಲು. ಇದಕ್ಕೆ ಕಾರಣ ಬೇಗ ಸಿಕ್ಕಿತು. ಈ ನಕ್ಷೆಯಲ್ಲಿ ಸ್ಪೀಕರಿನಿಂದ ಒಂದು ಪಾಲು ಸಿಗ್ನಲ್ಲು 22 ಕಿಲೋಓಮ್ ರೆಸಿಸ್ಟರ್ ಮೂಲಕ ಎರಡನೆಯ ಟ್ರಯೋಡಿನ ಕ್ಯಾಥೋಡಿಗೆ ಹಿಂದಿರುಗುತ್ತದೆ. ಅದು ಸಿಗ್ನಲ್ಲಿಗೆ ಎದುರಾಗಿ ಬಂದು ಸದ್ದನ್ನು ಹತೋಟಿಯಲ್ಲಿಡಬೇಕು. ಹೊಸ ಟ್ರಾನ್ಸ್‌ಫಾರ್ಮರಿನ ತುದಿಗಳು ತಿರುವುಮುರುವಾಗಿ, ಅದು ಎದುರಾಗುವ ಬದಲು ಜೊತೆಗೂಡಿ ಕಿರುಚಿಸುತ್ತಿತ್ತು. ಪ್ಲೇಟಿನ ವೈರು, ಪಾಸಿಟಿವ್ ವೈರು ಅದಲುಬದಲು ಮಾಡಿದೆ. ಕೀಚಲು ನಿಂತಿತು, ದಪ್ಪ ತಂತಿಗೆ ಮೊದಲ ಸಲ ಹೊಟ್ಟೆ ಬಂತು.

ಅದೇ ಹಿಂದಿರುಗುವ ವೈರಿಗೆ ಈಗ ಒಂದು ಸ್ವಿಚ್ ಹಾಕಿದ್ದೇನೆ. ಬಂದ್ ಮಾಡಿದರೆ ಸದ್ದು ಜೋರಾಗಿ, ಒರಟಾಗಿ, ಬಾಸು ಸಡಿಲಾಗುತ್ತದೆ. ಮೊದಲ ಟ್ರಯೋಡಿನ 1.5 ಕಿಲೋಓಮ್ ಕ್ಯಾಥೋಡ್ ರೆಸಿಸ್ಟರಿಗೆ ನನ್ನ ಆಂಪಿನಲ್ಲಿ ಅಡ್ಡಲಾಗಿ ಹಾಕುವ ಬೈಪಾಸ್ ಕಂಡೆನ್ಸರ್ ಇರಲಿಲ್ಲ. 25 ಮೈಕ್ರೋಫ್ಯಾರಡ್ ಹಾಕಿ ನೋಡಿದೆ, ಆ ಹಂತದ ಬಲ ಮೂವತ್ತು ಪಟ್ಟಿನಿಂದ ಅರವತ್ತು ಪಟ್ಟಿನ ಹತ್ತಿರ ಹೋಯಿತು, ಆದರೆ ಕೆಳಸ್ವರಗಳೆಲ್ಲ ಕೆಸರಾದವು. 0.68 ಹಾಕಿದಾಗ ಮೇಲಿನ ತಂತಿಗಳಿಗೆ ಮಾತ್ರ ಆ ಬಲ ಸಿಕ್ಕಿತು. ಅದನ್ನೇ ಉಳಿಸಿಕೊಂಡೆ.

ಜನ ವ್ಯಾಟು ಕೇಳುತ್ತಾರೆ, ಕೇಳಬೇಕಾದದ್ದು ಸ್ಪೀಕರಿನ ಸೆನ್ಸಿಟಿವಿಟಿ. ಒಂದು ವ್ಯಾಟಿಗೆ 91 ಡೆಸಿಬಲ್ ಕೊಡುವ ಸ್ಪೀಕರಿನ ಬದಲು 97ರದ್ದು ಹಾಕಿದರೆ ಐದು ವ್ಯಾಟು ಇಪ್ಪತ್ತರಷ್ಟು ಕೇಳುತ್ತದೆ. ಆರ್ಕೆಸ್ಟ್ರಾ ಕಾಲದ ನನ್ನ ಹಳೆಯ ಬಾಕ್ಸಿನಲ್ಲಿ 12 ಇಂಚಿನ, 8 ಓಮಿನ ಎರಡು ಸ್ಪೀಕರುಗಳಿದ್ದವು. ಪ್ಯಾರಲಲ್ ಮಾಡಿದರೆ 4 ಓಮ್, ಟ್ರಾನ್ಸ್‌ಫಾರ್ಮರಿಗೆ ಹೇಳಿಮಾಡಿಸಿದಂತೆ. ಸ್ಪೀಕರ್ ವೈರು ಕಳಚಿಟ್ಟು ಮಾತ್ರ ವಾಲ್ವ್ ಆಂಪನ್ನು ಚಾಲೂ ಮಾಡಬಾರದು, ಭಾರವಿಲ್ಲದ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಲ್ಲಿ ವೋಲ್ಟೇಜ್ ನೆಗೆದು ಇನ್ಸುಲೇಷನ್ ಸುಡುತ್ತದೆ. ಆ ಬಾಕ್ಸನ್ನು ಶಹಾಬಾದ್ ಪರಸಿಯ ಮೇಲೆ ನೇರ ಇಟ್ಟಾಗ ನೆಲವೇ ಗುಡುಗುತ್ತಿತ್ತು, ಕೆಳಗೆ ಹಳೆಯ ಗೋಣಿಚೀಲ ಮಡಚಿ ಹಾಕಿದ್ದೇನೆ.

ಅಮೆರಿಕದ ಆ ಎರಡು ಟ್ರಾನ್ಸ್‌ಫಾರ್ಮರುಗಳನ್ನು ಎಸೆದಿಲ್ಲ. ಪೇಪರಿನಲ್ಲಿ ಸುತ್ತಿ, ಯಾವ ಬಣ್ಣದ ವೈರು ಯಾವುದಕ್ಕೆ ಅಂತ ಮೇಲೆ ಬರೆದು ಇಟ್ಟಿದ್ದೇನೆ. ಕಾಕಾನ ಮಗ ದೀಪಾವಳಿಗೆ ಬರುತ್ತಾನಂತೆ. ಆಂಪು ಯಾವ ಹೊತ್ತಿನಲ್ಲಿ ಹೇಗೆ ಕೇಳುತ್ತದೆ ಅಂತ ಏನೂ ಹೇಳದೆ, ಸಂಜೆ ಏಳಕ್ಕೊಮ್ಮೆ, ನಡುರಾತ್ರಿಗೊಮ್ಮೆ ಅವನ ಕೈಗೇ ಗಿಟಾರ್ ಕೊಡಬೇಕು ಅಂತಿದ್ದೇನೆ.